ಗೆಳೆಯನಿಗೊಂದು ಪತ್ರ: ಬಲಗಡೆ ಆಡಿದ ಎಡಗಾಲಿನವನು

ಪ್ರಿಯ ಮಂಜು,

ಇಟಲಿ ಪರ 47 ಫುಟ್‌ಬಾಲ್ ಪಂದ್ಯ ಆಡಿ ಬರೀ 5 ಗೋಲ್ ಹೊಡೆದವನು ಅದೆಂಥ ದೊಡ್ಡ ವಿಂಗರ್ (ಮೈದಾನದ ಅಂಚಿನಲ್ಲಿ ಓಡಿ ದಾಳಿ ಮಾಡುವವನು) ಮಾರಾಯ ಅಂತ ನೀನು ಕೇಳಿದ್ದೆ. ನಿನ್ನ ಲೆಕ್ಕ ಸರಿಯಾಗಿಯೇ ಇದೆ. ಆದರೆ ಬ್ರೂನೊ ಕೊಂಟಿಯನ್ನು ಗೋಲ್ ಪಟ್ಟಿಯಲ್ಲಿ ಹುಡುಕುವುದು ಅಂದರೆ ಊಟ ಚೆನ್ನಾಗಿತ್ತು ಅಂತ ಬಡಿಸಿದವನ ಬೆನ್ನು ತಟ್ಟಿದ ಹಾಗೆ. ಅಡುಗೆಯವನು ಒಳಗೆ ಒಲೆ ಮುಂದೆ ನಿಂತಿರುತ್ತಾನೆ. 1982ರ ವಿಶ್ವಕಪ್ ಅಂದರೆ ಎಲ್ಲರಿಗೂ ಪಾವ್ಲೊ ರೊಸ್ಸಿಯ 6 ಗೋಲ್ ನೆನಪು. ಅವುಗಳ ಹಿಂದಿನ ಒಲೆ ಯಾರದ್ದು ಅನ್ನುವುದನ್ನೇ ಬರೆಯುತ್ತೇನೆ.

ಮೊದಲು ಆ ತಂಡದ ನಕ್ಷೆ. ಅದು ಗೊತ್ತಿಲ್ಲದೆ ಕೊಂಟಿಯ ಆಟ ಅರ್ಥವಾಗುವುದಿಲ್ಲ. ಕೋಚ್ ಎಂಜೊ ಬೇರ್‌ಜೊಟ್ ಕಟ್ಟಿದ್ದು ಬೇಕೆಂದೇ ಸೊಟ್ಟಗಿಟ್ಟ ತಂಡ. ಎಲ್ಲರ ಹಿಂದೆ ಯಾರನ್ನೂ ಮಾರ್ಕ್ ಮಾಡದೆ ಶಿರೆಯಾ. ಬಲಗಡೆಯ ಜೆಂಟೀಲೆಗೆ ಎದುರಾಳಿಯ ಅತಿ ಅಪಾಯಕಾರಿ ಆಟಗಾರನ ನೆರಳಾಗುವುದೇ ಕೆಲಸ. ಅರ್ಜೆಂಟೀನಾ ವಿರುದ್ಧ ಮರಡೋನಾ, ಬ್ರೆಜಿಲ್ ವಿರುದ್ಧ ಜೀಕೊ. ಅವರು ಹೋದಲ್ಲೆಲ್ಲ ಇವನು. ಎಡಗಡೆಯ ಕಬ್ರೀನಿಗೆ ಮಾತ್ರ ಮೇಲೆ ಓಡುವ ಪರವಾನಗಿ. ಅಂದರೆ ಎಡಗಡೆ ಕಬ್ರೀನಿ, ಗ್ರಾಟ್ಸಿಯಾನಿ ಅಂತ ಇಬ್ಬರು ಸಿಗುತ್ತಾರೆ. ಬಲಗಡೆ ಇಡೀ ಸಾಲಿಗೆ ಒಬ್ಬನೇ ಕೊಂಟಿ. ಅವನ ಹಿಂದಿನಿಂದ ಓವರ್‌ಲ್ಯಾಪ್ ಮಾಡಿಕೊಂಡು, ಅಂದರೆ ಹೊರಬದಿಯಿಂದ ಅವನನ್ನು ದಾಟಿ ಮುಂದಕ್ಕೆ ಬರುವ ಫುಲ್‌ಬ್ಯಾಕ್ (ಅಂಚಿನ ಡಿಫೆಂಡರ್) ಇಲ್ಲವೇ ಇಲ್ಲ.

ಈ ಜಾಗಕ್ಕೆ ಇಟಲಿಯವರು ಟೋರ್ನಾಂಟೆ ಅನ್ನುತ್ತಾರೆ. ಮರಳಿ ಬರುವವನು ಅಂತ ಅರ್ಥ. ಘಾಟಿ ರಸ್ತೆಯ ಹೇರ್‌ಪಿನ್ ತಿರುವಿಗೂ ಅಲ್ಲಿ ಇದೇ ಪದ. ಆಗುಂಬೆ ಹತ್ತಿದವನಿಗೆ ಬೇರೆ ವಿವರಣೆ ಬೇಡ: ಮೇಲಕ್ಕೆ ಹೋಗು, ತಿರುಗು, ಮತ್ತೆ ಕೆಳಕ್ಕೆ. ಚೆಂಡು ಕಳೆದುಕೊಂಡ ಕ್ಷಣದಲ್ಲೇ ತಿರುಗಿ ಓಡದಿದ್ದರೆ ಬಲಗಡೆ ಬಾಗಿಲು ತೆರೆದ ಮನೆ, ಏಕೆಂದರೆ ಜೆಂಟೀಲೆ ಎಲ್ಲೋ ಜೀಕೊನ ಅಂಗಿ ಹಿಡಿದುಕೊಂಡು ನಿಂತಿರುತ್ತಾನೆ. (ಅಂಗಿ ಹಿಡಿದ ಮಾತು ಅಲಂಕಾರವಲ್ಲ. ಆ ಪಂದ್ಯದಲ್ಲಿ ಜೀಕೊನ ಅಂಗಿ ಹರಿದೇ ಹೋಗಿತ್ತು.)

ಇನ್ನು ಕೊಂಟಿಯ ಕಾಲು. ಅವನು ಅಪ್ಪಟ ಎಡಗಾಲಿನವನು, ಆಡಿದ್ದು ಬಲಗಡೆ. ಈಗ ಪ್ರತಿ ತಂಡದಲ್ಲೂ ಇಂಥವರಿದ್ದಾರೆ, ಆಗ ಅಪರೂಪ. ಇದರ ತೊಂದರೆ ಏನು ಅಂತ ಸರಿಯಾಗಿ ತಿಳಿದುಕೊ. ಬಲಗಡೆಯ ಗೆರೆ ಪಕ್ಕ ಓಡುವಾಗ ಡಿಫೆಂಡರ್ ನಿನ್ನ ಎಡಕ್ಕೆ, ಅಂದರೆ ಮೈದಾನದ ಒಳಬದಿಗೆ ಇರುತ್ತಾನೆ. ಬಲಗಾಲಿನ ವಿಂಗರ್‌ನ ಚೆಂಡು ಗೆರೆಯ ಕಡೆ ಇರುತ್ತದೆ, ನಡುವೆ ಅವನ ಮೈಯೇ ಬೇಲಿ. ಎಡಗಾಲಿನವನ ಚೆಂಡು ಡಿಫೆಂಡರ್‌ನ ಪಕ್ಕದಲ್ಲೇ ಉರುಳುತ್ತದೆ. ಒಂದು ಟಚ್ ಒಂದು ಗೇಣು ಉದ್ದವಾದರೂ ಚೆಂಡು ಹೋಯಿತು. ಅದಕ್ಕೇ ಹೆಜ್ಜೆಗೊಂದರಂತೆ ಸಣ್ಣ ಸಣ್ಣ ಟಚ್. ಡಿಫೆಂಡರ್‌ನ ಭಾರ ಒಂದು ಕಾಲಿನ ಮೇಲೆ ಬೀಳುವ ತನಕ ಕಾಯಬೇಕು, ಬಿದ್ದ ತಕ್ಷಣ ಚೆಂಡನ್ನು ಆ ಕಾಲಿನ ಆಚೆಗೆ ದಾಟಿಸಬೇಕು. 1.69 ಮೀಟರ್ ಎತ್ತರದ ಕೊಂಟಿಗೆ ಅದು ಸಲೀಸು, ಕುಳ್ಳನ ಮೈ ಬೇಗ ತಿರುಗುತ್ತದೆ.

ಎರಡನೆಯ ತೊಂದರೆ ಕ್ರಾಸ್‌ನದು, ಅಂದರೆ ಅಂಚಿನಿಂದ ಗೋಲ್ ಮುಂದಕ್ಕೆ ಕಳಿಸುವ ಚೆಂಡಿನದು. ಬಲಗಡೆಯಿಂದ ಎಡಗಾಲಲ್ಲಿ ಹೊಡೆದ ಚೆಂಡು ಗೋಲ್ ಕಡೆಗೆ ಬಾಗುತ್ತದೆ. ಬೇಗ ಬಿಟ್ಟರೆ ಹಿಂದಕ್ಕೆ ಓಡುತ್ತಿರುವ ಡಿಫೆಂಡರ್‌ಗಳ ತಲೆ ಮೇಲಿಂದ ಸ್ಟ್ರೈಕರ್‌ಗೆ ಸಿಗುತ್ತದೆ. ತಡ ಮಾಡಿದರೆ ಅದೇ ಬಾಗು ಚೆಂಡನ್ನು ಗೋಲ್‌ಕೀಪರ್‌ನ ಕೈಗೆ ಒಪ್ಪಿಸುತ್ತದೆ. ಇನ್ನೊಂದು ಆಸೆ ಒಳಕ್ಕೆ ನುಗ್ಗುವುದು. ಹೊರಗಡೆ ಓವರ್‌ಲ್ಯಾಪ್ ಇಲ್ಲದಿದ್ದಾಗ ಡಿಫೆಂಡರ್ ಒಳದಾರಿಯೊಂದನ್ನೇ ಕಾಯುತ್ತಾನೆ, ಮಿಡ್‌ಫೀಲ್ಡರ್ ಒಬ್ಬ ಬಂದು ಸೇರಿಕೊಂಡರೆ ಕತೆ ಮುಗಿಯಿತು. ಕೊಂಟಿ ಇದಕ್ಕೆ ಎರಡು ದಾರಿ ಕಂಡುಕೊಂಡಿದ್ದ. ಒಂದು, ಒಳಕ್ಕೆ ಬಂದು ಇಬ್ಬರು ಮೂವರನ್ನು ತನ್ನ ಕಡೆ ಎಳೆದುಕೊಂಡು ಚೆಂಡನ್ನು ಎಡಗಡೆ ಖಾಲಿಯಾದ ಜಾಗಕ್ಕೆ ದಾಟಿಸುವುದು. ಇನ್ನೊಂದು, ತಾನೇ ಎಡಗಡೆಗೆ ಹೋಗಿಬಿಡುವುದು. ಆಗ ಅವನು ಮಾಮೂಲಿ ಎಡ ವಿಂಗರ್, ಚೆಂಡು ಗೆರೆಯ ಕಡೆ, ಮೈ ನಡುವೆ.

ಈಗ ಪಂದ್ಯ ಹಾಕಿ ನೋಡು. ಹಿಡಿಯಬೇಕಾದದ್ದು 16ನೇ ನಂಬರ್. 7 ಅಂತ ಹುಡುಕಿದರೆ ಶಿರೆಯಾ ಸಿಗುತ್ತಾನೆ. ಸ್ಪೇನ್‌ನ ವೀಗೊ ಊರಿನ ಮೊದಲ ಸುತ್ತು ಮೂರೂ ಡ್ರಾ, ಆಟ ಸಪ್ಪೆ. ಪೆರು ವಿರುದ್ಧದ ಇಟಲಿಯ ಗೋಲ್ ಕೊಂಟಿಯದೇ, ಅದೊಂದನ್ನು ನೋಡಿ ಮುಂದೆ ಹೋಗು. ಜೂನ್ 29, ಬಾರ್ಸಿಲೋನಾ, ಅರ್ಜೆಂಟೀನಾ: ರೊಸ್ಸಿಯ ಹೊಡೆತವನ್ನು ಗೋಲ್‌ಕೀಪರ್ ಫಿಲ್ಯೊಲ್ ತಡೆದ, ಚೆಂಡು ಕೊಂಟಿಗೆ ಸಿಕ್ಕಿತು. ಅಲ್ಲಿಂದ ಗುರಿ ಸಾಧಿಸಲು ಕೋನ ಇಲ್ಲ. ತಲೆ ಎತ್ತಿದವನೇ ಹಿಂದಕ್ಕೆ ಕೊಟ್ಟ, ಓಡಿ ಬಂದ ಕಬ್ರೀನಿ ಹೊಡೆದ. 2-1ರ ಗೆಲುವಿನ ಎರಡನೇ ಗೋಲ್ ಅದು. ಜುಲೈ 5, ಬ್ರೆಜಿಲ್: ಬಲಗಡೆಯಿಂದ ಒಳಕ್ಕೆ ಬಂದ ಕೊಂಟಿ ಚೆಂಡನ್ನು ಕಬ್ರೀನಿಗೆ ದಾಟಿಸಿದ, ಕಬ್ರೀನಿಯ ಕ್ರಾಸ್, ರೊಸ್ಸಿಯ ಹೆಡರ್. ಮೇಲೆ ಹೇಳಿದ ಮೊದಲ ದಾರಿ ಇದೇ. ಜುಲೈ 8, ಪೋಲೆಂಡ್ ವಿರುದ್ಧ ಸೆಮಿಫೈನಲ್, 73ನೇ ನಿಮಿಷ: ಎರಡನೇ ದಾರಿ. ಕೊಂಟಿ ಎಡಗಡೆಯಿಂದ ಓಡಿ ಎಡಗಾಲಲ್ಲಿ ತೇಲಿಸಿದ, ದೂರದ ಕಂಬದ ಬಳಿ ರೊಸ್ಸಿ ಬಗ್ಗಿ ತಲೆ ಕೊಟ್ಟ.

ಫೈನಲ್ ಜುಲೈ 11, ಮ್ಯಾಡ್ರಿಡ್, ಪಶ್ಚಿಮ ಜರ್ಮನಿ. 24ನೇ ನಿಮಿಷದಲ್ಲಿ ಗೋಲ್ ಮುಂದಿನ ಬಾಕ್ಸ್ ಒಳಗೆ ಬ್ರೀಗೆಲ್ ಕೊಂಟಿಯನ್ನು ಬೀಳಿಸಿದ, ಪೆನಾಲ್ಟಿ. ಕಬ್ರೀನಿ ಅದನ್ನು ಕಂಬದ ಹೊರಗೆ ಹೊಡೆದ. 81ನೇ ನಿಮಿಷಕ್ಕೆ ಸ್ಕೋರ್ 2-0, ಜರ್ಮನ್ನರೆಲ್ಲ ಮುಂದಕ್ಕೆ ಬಂದಿದ್ದರು. ಕೊಂಟಿ ಚೆಂಡು ಹಿಡಿದು ಬಲಗಡೆ ಉದ್ದಕ್ಕೂ ಓಡಿದ, ಒಳಕ್ಕೆ ಕೊಟ್ಟ, ಆಲ್ಟೊಬೆಲ್ಲಿ ಗೋಲ್‌ಕೀಪರ್ ಶೂಮಾಖರ್‌ನನ್ನು ತಪ್ಪಿಸಿ ಮೂರನೆಯದನ್ನು ಹೊಡೆದ. ಎಂಬತ್ತು ನಿಮಿಷ ಘಾಟಿ ಹತ್ತಿ ಇಳಿದವನ ಓಟ ಅದು. ನನ್ನ ಮಟ್ಟಿಗೆ ಇಡೀ ಟೂರ್ನಿಯಲ್ಲಿ ಅವನ ಅತಿ ದೊಡ್ಡ ಕೆಲಸ ಅದೇ, ಸ್ಕೋರ್‌ಶೀಟ್‌ನಲ್ಲಿ ಅವನ ಹೆಸರಿಲ್ಲ.

ಕ್ಲಬ್ ವಿಷಯ ಚುಟುಕಾಗಿ ಹೇಳುತ್ತೇನೆ. ಹುಟ್ಟಿದ್ದು 1955ರ ಮಾರ್ಚ್ 13, ರೋಮ್‌ನ ದಕ್ಷಿಣಕ್ಕಿರುವ ಕಡಲೂರು ನೆಟ್ಟುನೊದಲ್ಲಿ. 1944ರಲ್ಲಿ ಅಮೆರಿಕನ್ ಸೇನೆ ಬಂದಿಳಿದ ದಂಡೆ ಅದು. ಸೈನಿಕರು ಬೇಸ್‌ಬಾಲ್ ಕಲಿಸಿದರು, ಊರಿಗೆ ಅದೇ ಹುಚ್ಚು ಹಿಡಿಯಿತು. ಹುಡುಗ ಕೊಂಟಿ ಎಡಗೈ ಪಿಚರ್, ಅಂದರೆ ಚೆಂಡೆಸೆಯುವವನು. ಅಮೆರಿಕಕ್ಕೆ ಕರೆದೊಯ್ಯುತ್ತೇವೆ ಅಂತ ಬಂದವರಿಗೆ ತಂದೆ ಆಗುವುದಿಲ್ಲ ಅಂದುಬಿಟ್ಟರು. 1974ರ ಫೆಬ್ರವರಿಯಲ್ಲಿ ರೋಮ್ ನಗರದ ಕ್ಲಬ್ ರೋಮಾ ಪರ ಮೊದಲ ಪಂದ್ಯ. ತಕ್ಷಣ ಜಾಗ ಗಟ್ಟಿಯಾಗಲಿಲ್ಲ. 1975-76ರಲ್ಲಿ, ಮತ್ತೆ 1978-79ರಲ್ಲಿ ಜಿನೋವಾ ಕ್ಲಬ್‌ಗೆ ಎರವಲು. ಮೊದಲ ಸಲ ಅಲ್ಲಿ ಜೊತೆಗಿದ್ದ ಸ್ಟ್ರೈಕರ್ ರೊಬೆರ್ಟೊ ಪ್ರುಟ್ಸೊ ಮುಂದೆ ರೋಮಾಗೇ ಬಂದ. ಕೊಂಟಿಯ ಕ್ರಾಸ್ ಎಲ್ಲಿ ಬೀಳುತ್ತದೆ ಅಂತ ಪ್ರುಟ್ಸೊಗೆ ರೋಮ್‌ನಲ್ಲಿ ಯಾರೂ ಹೇಳಿಕೊಡಬೇಕಿರಲಿಲ್ಲ. ನಿಲ್ಸ್ ಲೀಡ್‌ಹೋಲ್ಮ್ ಕೋಚ್ ಆಗಿದ್ದಾಗ, 1983ರ ಮೇ 8ರಂದು, ರೋಮಾ 41 ವರ್ಷಗಳ ನಂತರ ಲೀಗ್ ಗೆದ್ದದ್ದು ಎಲ್ಲಿ ಗೊತ್ತಾ? ಅದೇ ಜಿನೋವಾದ ಮೈದಾನದಲ್ಲಿ, 1-1 ಡ್ರಾ ಮಾಡಿ. ಗೋಲ್ ಪ್ರುಟ್ಸೊನದು.

ಮರುವರ್ಷದ ನೋವೂ ಇದೆ. 1984ರ ಮೇ 30, ಯುರೋಪಿಯನ್ ಕಪ್ ಫೈನಲ್, ಸ್ವಂತ ಒಲಿಂಪಿಕೊ ಮೈದಾನ, ಎದುರಿಗೆ ಲಿವರ್‌ಪೂಲ್. ಕೊಂಟಿಯ ಕ್ರಾಸ್‌ಗೆ ಪ್ರುಟ್ಸೊ ತಲೆ ಕೊಟ್ಟು 1-1. ಪೆನಾಲ್ಟಿ ಶೂಟೌಟ್‌ನಲ್ಲಿ ಲಿವರ್‌ಪೂಲ್‌ನ ಮೊದಲ ಹೊಡೆತ ವ್ಯರ್ಥವಾಗಿ ರೋಮಾ ಮುಂದಿತ್ತು. ರೋಮಾದ ಎರಡನೇ ಹೊಡೆತ ಕೊಂಟಿಯದು, ಚೆಂಡು ಅಡ್ಡಪಟ್ಟಿಯ ಮೇಲೆ ಹೋಯಿತು. ಆಮೇಲೆ ಗ್ರಾಟ್ಸಿಯಾನಿಯದೂ ಹಾಗೇ. ಲಿವರ್‌ಪೂಲ್ ಗೋಲ್‌ಕೀಪರ್ ಗ್ರೊಬೆಲಾರ್ ಕಾಲು ನಡುಗಿಸಿ ಕುಣಿದದ್ದೇ ಕಾರಣ ಅಂತ ಜನ ಹೇಳುತ್ತಾರೆ. ಕುಣಿತದ್ದೊಂದೇ ತಪ್ಪು ಅಂತ ನನಗನ್ನಿಸುವುದಿಲ್ಲ. 120 ನಿಮಿಷ ಓಡಿದ ಕಾಲಲ್ಲಿ ಹೊಡೆಯುವಾಗ ಊರುವ ಕಾಲು ಚೆಂಡಿಗಿಂತ ಸ್ವಲ್ಪ ಹಿಂದೆ ಬಿದ್ದರೂ ಮೈ ಹಿಂದಕ್ಕೆ ವಾಲುತ್ತದೆ, ಪಾದ ಚೆಂಡಿನ ಅಡಿಗೆ ಹೋಗುತ್ತದೆ, ಚೆಂಡು ಆಕಾಶಕ್ಕೆ. ಹೆಚ್ಚು ಓಡುವ ವಿಂಗರ್‌ಗೆ ಈ ಅಪಾಯ ಇದ್ದದ್ದೇ.

1986ರ ವಿಶ್ವಕಪ್ ಆಡಿ ರಾಷ್ಟ್ರೀಯ ತಂಡ ಬಿಟ್ಟ. ವಿದಾಯದ ಪಂದ್ಯ 1991ರ ಮೇ 23ಕ್ಕೆ. ಹಿಂದಿನ ದಿನವಷ್ಟೇ ಅದೇ ಮೈದಾನದಲ್ಲಿ ರೋಮಾ ಯುರೋಪಿನ ಕ್ಲಬ್‌ಗಳ ಯುಇಎಫ್‌ಎ ಕಪ್ ಫೈನಲ್ ಕಳೆದುಕೊಂಡಿತ್ತು. ಆದರೂ ಜನ ಕಿಕ್ಕಿರಿದು ಬಂದರು. ಆಮೇಲೆ ಕ್ಲಬ್‌ನ ಕಿರಿಯರ ವಿಭಾಗ ನೋಡಿಕೊಂಡ, 2005ರಲ್ಲಿ ಕೆಲವು ತಿಂಗಳು ಹಿರಿಯರ ತಂಡಕ್ಕೂ ಕೋಚ್ ಆದ. ಮಗ ಡೇನಿಯೆಲೆ ಕಾಲ್ಯಾರಿ ತಂಡದ ಕ್ಯಾಪ್ಟನ್ ಆಗಿ ಅಪ್ಪನ ರೋಮಾ ವಿರುದ್ಧವೇ ಗೋಲ್ ಹೊಡೆಯುತ್ತಿದ್ದ. ಮನೆಯಲ್ಲಿ ಆ ರಾತ್ರಿಗಳ ಊಟ ಹೇಗಿರುತ್ತಿತ್ತೋ!

ಭಾನುವಾರ ಬ್ರೆಜಿಲ್ ಪಂದ್ಯವನ್ನೇ ಮೊದಲು ಹಾಕು. ಟೀ ಮೊದಲೇ ಮಾಡಿಟ್ಟುಕೊಂಡು ಕೂತ್ಕೊ, ಕೊಂಟಿ ಕಬ್ರೀನಿಗೆ ಚೆಂಡು ದಾಟಿಸುವುದು 5ನೇ ನಿಮಿಷಕ್ಕೇ.

ಇಂತಿ ನಿನ್ನ ಗೆಳೆಯ