ಫುಕುಶಿಮಾಕ್ಕೆ ಹೊರಟ ಮೇಘಾಳಿಗೆ

ಶಿರಸಿ

ಚಿರಂಜೀವಿ ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಮೇಲ್ ಓದಿದೆ. 2011ರ ಸುನಾಮಿಯಲ್ಲಿ ಹಾಳಾದ ಜಪಾನಿನ ಫುಕುಶಿಮಾ ದಾಯಿಚಿ ಅಣು ಸ್ಥಾವರದಲ್ಲಿ, ಕರಗಿದ ಇಂಧನ ತೆಗೆಯುವ ರೋಬೋ ಕೆಲಸ ಸಿಕ್ಕಿದೆ, ಸೇರಲೋ ಬೇಡವೋ ಅಂತ ಕೇಳಿದ್ದೀಯ. ಜೊತೆಯವರೆಲ್ಲ ಹೊಸದು ಕಟ್ಟುವ ಕಂಪನಿಗಳಿಗೆ ಹೋಗ್ತಿದ್ದಾರೆ, ನಾನೊಬ್ಬಳು ಸತ್ತ ಸ್ಥಾವರದ ತಿಥಿ ಮಾಡಬೇಕಾ ಎಂದು ಬರೆದಿದ್ದೀಯಲ್ಲ, ಓದಿ ನಗು ಬಂತು. ಆದರೆ ಅದು ಸತ್ತಿಲ್ಲ ಪುಟ್ಟಿ. ಮೊದಲ ನಾಲ್ಕು ಘಟಕಗಳನ್ನು 2012ರಲ್ಲಿ, ಉಳಿದೆರಡನ್ನು 2014ರಲ್ಲಿ ಕಾಗದದ ಮೇಲೆ ಮುಚ್ಚಿದರು. ಕರಗಿದ ಇಂಧನ ಆ ಕಾಗದ ಓದುವುದಿಲ್ಲ. ಅದು ಇನ್ನೂ ಬಿಸಿ ಬಿಡುತ್ತಿದೆ, ಇವತ್ತಿಗೂ ನೀರು ಹಾಯಿಸುತ್ತಲೇ ಇರಬೇಕು.

ನನ್ನ ಅಭಿಪ್ರಾಯ: ಸೇರು. ಆದರೆ ಎಷ್ಟು ತೆಗೆದೆವು ಅಂತ ಗ್ರಾಮ್ ಲೆಕ್ಕದಲ್ಲಿ ನಿನ್ನ ಕೆಲಸ ಅಳೆಯಬೇಡ. ಅಲ್ಲಿರುವ ಕರಗಿದ ರಾಶಿ ಸುಮಾರು 880 ಟನ್ ಎಂದು ಅಂದಾಜು. 2024ರ ನವೆಂಬರಿನಲ್ಲಿ ಮೊದಲ ಸಲ ಹೊರಗೆ ಬಂದದ್ದು 0.7 ಗ್ರಾಮ್. ಮುಂದಿನ ವರ್ಷ ತೆಗೆದ ಚೂರನ್ನು ಸೇರಿಸಿದರೂ ಒಂದು ಗ್ರಾಮ್ ಆಗಲಿಲ್ಲ. ದೊಡ್ಡ ಪ್ರಮಾಣದಲ್ಲಿ ತೆಗೆಯುವುದು 2037ಕ್ಕೋ ಅದರ ಆಚೆಗೋ ಎಂದಿದ್ದಾರೆ. ಪೂರ್ತಿ ಮುಗಿಯುವುದನ್ನು ನೀನು ಕೆಲಸದಲ್ಲಿದ್ದಾಗಲೇ ನೋಡುತ್ತೀಯ ಅಂತ ನನಗಂತೂ ಅನ್ನಿಸುವುದಿಲ್ಲ.

ಕೈಗಾದಲ್ಲಿ ಇನ್‌ಸ್ಟ್ರುಮೆಂಟ್ ವಿಭಾಗಕ್ಕೆ ಹೊಸ ಹುಡುಗರು ಬಂದಾಗ ನಾನು ಅಮೆರಿಕದ ತ್ರೀ ಮೈಲ್ ಐಲೆಂಡ್ ಅಣು ಸ್ಥಾವರದ ಕಥೆ ಹೇಳುತ್ತಿದ್ದೆ. 1979ರ ಮಾರ್ಚ್ 28, ಬೆಳಗಿನ ಜಾವ. ತೆರೆದುಕೊಂಡ ಒಂದು ವಾಲ್ವ್ ಮತ್ತೆ ಮುಚ್ಚಲೇ ಇಲ್ಲ. ಕಂಟ್ರೋಲ್ ರೂಮಿನ ದೀಪ ನೋಡಿದವರು ಮುಚ್ಚಿದೆ ಅಂದುಕೊಂಡರು. ‘ಮುಚ್ಚು’ ಎಂಬ ಸಿಗ್ನಲ್ ಹೋಗಿದೆ ಎಂದಷ್ಟೇ ಆ ದೀಪ ಹೇಳುತ್ತಿತ್ತು. ವಾಲ್ವ್ ನಿಜಕ್ಕೂ ಏನು ಮಾಡಿದೆ ಎಂದು ಹೇಳುವ ವ್ಯವಸ್ಥೆಯೇ ಅದರಲ್ಲಿ ಇರಲಿಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ತಂಪು ಮಾಡುವ ನೀರು ಸೋರಿತು, ಕೋರ್, ಅಂದರೆ ಇಂಧನವಿರುವ ಭಾಗ, ಅರ್ಧದಷ್ಟು ಕರಗಿತು. ಆ ರಿಯಾಕ್ಟರ್ ವಾಣಿಜ್ಯ ಉತ್ಪಾದನೆ ಶುರು ಮಾಡಿ ಮೂರೇ ತಿಂಗಳಾಗಿತ್ತು.

ಒಳಗೆ ಕ್ಯಾಮೆರಾ ಇಳಿದದ್ದು 1982ರಲ್ಲಿ. ಇಂಧನ ಇರಬೇಕಾದ ಜಾಗದಲ್ಲಿ ಮೇಲ್ಗಡೆ ಬರೀ ಖಾಲಿ. 1985ರಲ್ಲಿ ತೆಗೆಯಲು ಶುರು ಮಾಡಿದರು. ಮರುವರ್ಷ ರಿಯಾಕ್ಟರಿನೊಳಗಿನ ನೀರಿನಲ್ಲೇ ಸೂಕ್ಷ್ಮಜೀವಿಗಳು ಬೆಳೆದು ಏನೂ ಕಾಣದ ಹಾಗೆ ಕದಡಿಬಿಟ್ಟಿತು! ಅಂಥ ವಿಕಿರಣದ ನಡುವೆಯೂ ಪಾಚಿ ಕಟ್ಟುತ್ತದೆ ಅಂತ ಯಾರ ಪ್ಲಾನಿನಲ್ಲಿ ಇರುತ್ತದೆ ಹೇಳು. ಮುಗಿಯುವ ಹೊತ್ತಿಗೆ 1990. ಅಲ್ಲಿ ಕರಗಿದ್ದು ಒಂದೇ ರಿಯಾಕ್ಟರ್, ಕರಗಿದ್ದೂ ಅದರ ಉಕ್ಕಿನ ಪಾತ್ರೆಯೊಳಗೇ ಉಳಿದಿತ್ತು. ನಿನ್ನಲ್ಲಿ ಮೂರು, ಅದೂ ಪಾತ್ರೆ ತೂತಾಗಿ ಕೆಳಗೆ ಸುರಿದಿದೆ.

ಇನ್ನೊಂದು ಸಂಗತಿ ನಿನಗೆ ಗೊತ್ತಿರಬಹುದು. 2024ರ ಆಗಸ್ಟಿನಲ್ಲಿ ಫುಕುಶಿಮಾದಲ್ಲಿ ಇಂಧನ ತೆಗೆಯುವ ಮೊದಲ ಪ್ರಯತ್ನ ನಿಂತದ್ದು ರೋಬೋ ಕೆಟ್ಟಿದ್ದಕ್ಕಲ್ಲ. ಅದನ್ನು ಒಳಗೆ ತಳ್ಳುವ ಪೈಪ್‌ಗಳನ್ನು ತಪ್ಪು ಕ್ರಮದಲ್ಲಿ ಇಟ್ಟಿದ್ದರು. ಸ್ಥಾವರದ ಕಂಪನಿಯವರು ಸ್ಥಳಕ್ಕೆ ಹೋಗಿ ನೋಡಿರಲಿಲ್ಲ. ಪೂರ್ತಿ ಮಾಸ್ಕ್, ಕೈಗೆ ಒಂದರ ಮೇಲೊಂದು ಗ್ಲೌಸ್, ಕೆಲವೇ ನಿಮಿಷದ ಅವಕಾಶ. ಅಂಥ ಕಡೆ ಭಾರದ ಪೈಪ್ ಎತ್ತುವವನನ್ನು ಬೈದರೆ ಏನು ಪ್ರಯೋಜನ? ತಪ್ಪಾಗಿ ಇಟ್ಟರೆ ಕೂರದ ಹಾಗೆ ಪೈಪಿನ ತುದಿ ಮಾಡಬಹುದಿತ್ತಲ್ವಾ? ನೀನು ಡ್ರಾಯಿಂಗ್ ಮುಗಿಸುವ ಮೊದಲು ಅದನ್ನು ಜೋಡಿಸುವವರ ಜೊತೆ ಕೂತು ಮಾತಾಡು. ಅವರು ಗುತ್ತಿಗೆಯವರು, ತಾವಾಗಿ ಬಂದು ಹೇಳುವುದಿಲ್ಲ. ಚಹಾ ಕುಡಿಯುವಾಗ ಕೇಳಬೇಕು.

ಅಮ್ಮನ ಭಯಕ್ಕೆ ‘ಏನೂ ಆಗಲ್ಲಮ್ಮ’ ಅಂತ ಹೇಳಬೇಡ. ಲೆಕ್ಕ ಹೇಳು. ಕೆಲಸಗಾರರ ಮೈಗೆ ತಾಗುವ ವಿಕಿರಣಕ್ಕೆ, ಅಂದರೆ ಡೋಸಿಗೆ, ನಮ್ಮಲ್ಲಿ ವರ್ಷಕ್ಕೆ 30 ಮಿಲಿಸೀವರ್ಟ್ ಮಿತಿ, ಜಪಾನಿನಲ್ಲಿ 50. ಐದು ವರ್ಷಕ್ಕೆ ಎರಡೂ ಕಡೆ 100. ನಿನ್ನ ತಿಂಗಳ ಡೋಸ್ ಎಷ್ಟು ಅಂತ ಅವಳಿಗೆ ಬರೆದು ಕಳಿಸುತ್ತಿರು. ಕಡಿಮೆ ತೋರಿಸಲು, ಡೋಸ್ ಅಳೆಯುವ ಬ್ಯಾಡ್ಜಿಗೆ (ಡೋಸಿಮೀಟರಿಗೆ) ಸೀಸದ ತಗಡು ಮುಚ್ಚಿಸಿದ ಸಂಗತಿ 2012ರಲ್ಲಿ ಅಲ್ಲೇ ಹೊರಗೆ ಬಂದಿತ್ತು. ಯಾರಾದರೂ ನಿನಗೆ ‘ಬ್ಯಾಡ್ಜ್ ಬಿಚ್ಚಿಡು, ಐದೇ ನಿಮಿಷ’ ಅಂದರೆ ಆ ದಿನವೇ ಮೇಲಿನವರಿಗೆ ಬರವಣಿಗೆಯಲ್ಲಿ ಕೊಡು. ಕೆಲಸ ಹೋದರೆ ಹೋಗಲಿ, ಶಿರಸಿಯಲ್ಲಿ ಊಟಕ್ಕೆ ಕೊರತೆ ಇಲ್ಲ.

ಸ್ಥಾವರದ ನೀರನ್ನು ಸಮುದ್ರಕ್ಕೆ ಬಿಡುವುದಕ್ಕೆ ಅಲ್ಲಿನ ಮೀನುಗಾರರು ಸಿಟ್ಟಾದರೆ, ಆ ನೀರಿನಲ್ಲಿ ಉಳಿಯುವ ವಿಕಿರಣಶೀಲ ಹೈಡ್ರೋಜನ್ ಆದ ಟ್ರಿಟಿಯಂ ಬಗ್ಗೆ ಪಾಠ ಶುರು ಮಾಡಬೇಡ. ಲೀಟರಿಗೆ 1,500 ಬೆಕ್ವೆರೆಲ್‌ಗಿಂತ ಕಡಿಮೆಯಾಗುವಷ್ಟು ತೆಳು ಮಾಡಿಯೇ ಸಮುದ್ರಕ್ಕೆ ಬಿಡುತ್ತಾರೆ, ಒಪ್ಪಿದೆ. ಆದರೆ ಸಂಬಂಧಪಟ್ಟವರ ಒಪ್ಪಿಗೆ ಇಲ್ಲದೆ ನೀರು ಬಿಡುವುದಿಲ್ಲ ಎಂದು 2015ರಲ್ಲಿ ಅವರಿಗೆ ಬರೆದುಕೊಟ್ಟಿದ್ದರು. ಅವರು ಬೇಡ ಎನ್ನುತ್ತಿದ್ದಾಗಲೇ 2023ರ ಆಗಸ್ಟಿನಲ್ಲಿ ಬಿಟ್ಟರು. ಅವರ ತಕರಾರು ಬರೀ ನೀರಿನದ್ದಲ್ಲ, ಕೊಟ್ಟ ಮಾತಿನದ್ದು.

ಸಹಿ ಹಾಕುವ ಮೊದಲು ಒಂದು ಪ್ರಶ್ನೆ ಕೇಳು: ಕೈಕೊಟ್ಟ ರೋಬೋಗಳ ವರದಿಗಳನ್ನು ಹೊಸಬರಿಗೆ ಓದಲು ಕೊಡುತ್ತಾರಾ? ಕೊಡುವುದಿಲ್ಲ ಅಂದರೆ ನನಗೆ ಫೋನ್ ಮಾಡು, ಇನ್ನೊಮ್ಮೆ ಯೋಚಿಸೋಣ.

ಇಂತಿ,
ನಿನ್ನ ದೊಡ್ಡಪ್ಪ