ರಾಜಿ ಆಯ್ತು, ಊಟ ಆಗಲಿಲ್ಲ

ಸಂಪಾದಕರೇ,

ಲೋಕ ಅದಾಲತ್‌ನಲ್ಲಿ ಇಷ್ಟು ಕೇಸು ಮುಗಿದವು ಅಂತ ಪತ್ರಿಕೆಯಲ್ಲಿ ಆಗಾಗ ಬರುತ್ತದೆ. ಅದರಲ್ಲಿ ನಮ್ಮ ಮನೆಯದೂ ಒಂದು. ಬದುವಿನ ಮೇಲಿದ್ದ ಬೇವಿನ ಗಿಡವನ್ನು ಅಪ್ಪ ಕಡಿಸಿದರು, ಅಲ್ಲಿಂದ ಕಾಕಾನ ಜೊತೆ ಒಂಬತ್ತು ವರ್ಷ ತಕರಾರು. ಕೊನೆಗೆ ವಿಜಯಪುರದಲ್ಲಿ ರಾಜಿಗೆ ಸಹಿ ಹಾಕಿದರು. ಇನ್ನು ಅಪೀಲು ಇಲ್ಲ, ಒಳ್ಳೆಯದೇ. ಆದರೆ ಇಬ್ಬರೂ ಊರಿಗೆ ಬಂದಿದ್ದು ಬೇರೆ ಬೇರೆ ಬಸ್ಸಿನಲ್ಲಿ.

ರಾಜಿ, ತಕರಾರು, ವಕೀಲ, ಜಾಮೀನು ಎಲ್ಲ ಅರಬ್ಬಿಯಿಂದ ಬಂದ ಮಾತು. ತಕರಾರು ಅಂದರೆ ಅಲ್ಲಿ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು, ನಮ್ಮ ಮನೆಗೆ ಸರಿಯಾಗಿ ಹೊಂದುತ್ತದೆ ಅಲ್ವಾ! ಮಾತೇನೋ ಬಂತು, ಜಗಳ ಮುಗಿಸುವ ಅವರ ರೀತಿ ಬರಲಿಲ್ಲ. ಅದಕ್ಕೆ ಸುಲ್ಹ್ ಅನ್ನುತ್ತಾರೆ. ರಾಜಿಯಾಗುವುದೇ ಮೇಲು ಅಂತ ಕುರಾನಿನಲ್ಲೇ ಇದೆ. ಗಂಡ ಹೆಂಡತಿ ಜಗಳಕ್ಕೆ ಅವನ ಕಡೆಯ ಒಬ್ಬರು, ಅವಳ ಕಡೆಯ ಒಬ್ಬರು ಕೂತು ಬಗೆಹರಿಸಲಿ ಅಂತಲೂ ಇದೆ.

ನನಗೆ ಹಿಡಿಸಿದ್ದು ಜೋರ್ಡಾನಿನ ರೂಢಿ. ಕೊಲೆಯಂಥದ್ದು ನಡೆದರೆ ಮೊದಲು 'ಅತ್ವಾ' ಅಂತ ಗಡುವು, ಅಷ್ಟು ದಿನ ಯಾರೂ ಸೇಡಿಗೆ ಹೋಗುವಂತಿಲ್ಲ. ಆಮೇಲೆ ತಪ್ಪು ಮಾಡಿದವರ ಪರವಾಗಿ ನಾಲ್ಕು ಜನ ಮರ್ಯಾದೆ ಕೊಡುವಂಥ ಹಿರಿಯರು ನೊಂದವರ ಮನೆಗೇ ಹೋಗುತ್ತಾರೆ. ಇದು 'ಜಾಹಾ'. ಮನೆಯವರು ಕಾಫಿ ಕೊಡುತ್ತಾರೆ. ಹಿರಿಯ ಅದನ್ನು ಬಾಯಿಗಿಡದೆ ಕೆಳಗಿಡುತ್ತಾನೆ, ನಮ್ಮ ಮಾತು ನಡೆಸಿಕೊಡಿ, ಆಮೇಲೆ ಕುಡಿಯುತ್ತೇವೆ ಅಂತ. ಮನೆಯ ಯಜಮಾನ 'ಕುಡಿಯಿರಿ' ಅಂದರೆ ಒಪ್ಪಿದಂತೆ. ಪರಿಹಾರ ತೀರ್ಮಾನವಾಗಿ, ಎಲ್ಲರೆದುರು ಕೈ ಕುಲುಕಿ, ಒಟ್ಟಿಗೆ ಉಂಡರೆ ಮುಗಿಯಿತು.

ಎಲ್ಲವೂ ಚಂದ ಅಂತಲ್ಲ. ಕೊಂದವನ ಬಂಧುಗಳು ಊರು ಬಿಡಬೇಕಾದ 'ಜಲ್ವಾ' ಕೂಡ ಅಲ್ಲಿನದೇ, ಏನೂ ಮಾಡದವರೂ ಗಂಟುಮೂಟೆ ಕಟ್ಟಬೇಕು. ಅದು ಬೇಡ.

ಆದರೆ ನಮ್ಮ ಪಂಚರು ಮಾಡುವುದೇನು? ಇಬ್ಬರನ್ನೂ ಗುಡಿ ಕಟ್ಟೆಗೆ ಕರೆಸಿ ಬೈದು ಕಳಿಸುತ್ತಾರೆ. ಯಾರೂ ಯಾರ ಮನೆಗೂ ಹೋಗುವುದಿಲ್ಲ. ಅದಾಲತ್‌ನಲ್ಲೂ ಅಷ್ಟೇ, ಸಹಿ ಆಯ್ತು, ಮುಂದಿನವರು ಬನ್ನಿ. ಹಳ್ಳಿಯ ಕೇಸಾದರೆ ಊರಿನ ಇಬ್ಬರು ಹಿರಿಯರನ್ನು ಜೊತೆಗೆ ಕರೆಸಿದರೆ ಏನು ಖರ್ಚು?

ಹೋದ ಎಳ್ಳಮಾವಾಸ್ಯೆಗೆ ಚರಗ ಚೆಲ್ಲಿ ಬದುವಿನ ಈ ಕಡೆ ನಾವು ಉಂಡೆವು, ಆ ಕಡೆ ಕಾಕಾನವರು. ಅದೇ ಸಜ್ಜೆ ರೊಟ್ಟಿ, ಅದೇ ಭಜ್ಜಿ. ಈ ಸಲ ಹಬ್ಬಕ್ಕೆ ಮುಂಚೆ ಇಬ್ಬರು ಹಿರಿಯರನ್ನು ಕರೆದುಕೊಂಡು ಅವರ ಮನೆಗೆ ಹೋಗುವವನಿದ್ದೇನೆ. ಗಿಡ ಕಡಿಸಿದ್ದು ನಮ್ಮವರೇ ತಾನೇ. ಚಹಾ ಕೊಟ್ಟರೆ ಕಪ್ಪು ಕೆಳಗಿಡುತ್ತೇನೆ. ಕಾಕುಗೆ ಮಾತ್ರ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ಸಕ್ಕರೆ ಕಡಿಮೆ ಆಯ್ತೇನೋ ಅಂದುಕೊಂಡಾಳು.

ಒಬ್ಬ ರೈತ, ವಿಜಯಪುರ ಜಿಲ್ಲೆ