ಮಂಡಿಗೆ ಹಾಕಿದ್ದು ಯಾವುದು ಅಂತ ಹೇಳಿ

ಸಂಪಾದಕರೇ, ನಾವು ಬದಿಯಡ್ಕದ ಕಡೆಯವ್ರು. ಅಮ್ಮನಿಗೆ ಮಂಗಳೂರಲ್ಲಿ ಮಂಡಿ ಆಪರೇಷನ್ ಆಯ್ತು, ಹಾಕುವ ಇಂಪ್ಲಾಂಟ್, ಅಂದ್ರೆ ಕೃತಕ ಕೀಲು, ಯಾವುದು ಅಂತ ಮೊದಲು ಕೇಳಿದ್ರೆ "ಒಳ್ಳೇದೇ ಹಾಕ್ತೇವೆ" ಅಷ್ಟೇ ಉತ್ತರ. ಕೆಲವದ್ರಲ್ಲಿ ಮಂಡಿಯೊಳಗಿನ ಹಿಂಬದಿಯ ಲಿಗಮೆಂಟ್ (ಎಲುಬುಗಳನ್ನ ಕಟ್ಟಿ ಹಿಡಿಯುವ ನಾರು) ಉಳಿಸ್ತಾರೆ, ಕೆಲವದ್ರಲ್ಲಿ ಅದನ್ನ ತೆಗೀತಾರೆ, ಅದರ ಬದಲಿಗೆ ಇಂಪ್ಲಾಂಟಿನ ಪ್ಲಾಸ್ಟಿಕ್ ತುಂಡಿನ ನಡುವೆ ಗೂಟ ಇರ್ತದೆ, ಮೀಡಿಯಲ್ ಪಿವೋಟ್ ಅನ್ನೋದ್ರಲ್ಲಿ ಒಳಬದಿ ಬಟ್ಟಲಲ್ಲಿಟ್ಟ ಗೋಲಿಯ ಹಾಗೆ ಕೂತು ಹೊರಬದಿ ಮಾತ್ರ ಜಾರ್ತದೆ, ಇದೆಲ್ಲ ಗೊತ್ತಾದದ್ದು ಆಮೇಲೆ. ಯಾವುದು ಹಾಕಿದ್ರೂ ಸಮತಟ್ಟು ನೆಲದ ನಡಿಗೆಗೆ ಭಾರಿ ವ್ಯತ್ಯಾಸ ಇಲ್ಲ, ತೊಡೆಯ ವ್ಯಾಯಾಮವೇ ಮುಖ್ಯ ಅಂತಾರೆ. ಆದ್ರೆ ನಮ್ಮಲ್ಲಿ ಸಮತಟ್ಟು ಎಲ್ಲುಂಟು ಮಾರಾಯ್ರೇ? ಅಮ್ಮ ತೋಟದ ಮೆಟ್ಟಿಲು ಇಳಿಯುವಾಗ ಈಗಲೂ ಅಡ್ಡ ತಿರುಗಿ ಒಂದೊಂದೇ ಕಾಲು, ಕೈ ಅಡಿಕೆ ಮರದ ಮೇಲೆ. 2017ರಲ್ಲಿ ಕೇಂದ್ರದವ್ರು ಮಂಡಿ ಇಂಪ್ಲಾಂಟಿನ ರೇಟಿಗೆ ಮಿತಿ ಹಾಕಿದ್ರು, ಸಂತೋಷ. ಡಿಸೈನ್ ಯಾವುದು ಅಂತ ಆಪರೇಷನ್ನಿಗೆ ಮೊದಲೇ ಕನ್ನಡದಲ್ಲಿ ಬರೆದು ಕೊಡ್ಲಿಕ್ಕೆ ಎಷ್ಟು ಖರ್ಚಾಗ್ತದೆ?

- ಓದುಗ, ಕಾಸರಗೋಡು